ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ: ಮಹಿಳೆಯರ ಮತದ ಹಕ್ಕು ಮತ್ತು ಒಂದು ಜೀವನ

ಪೀಠಿಕೆ

ಭಾರತದ ಪ್ರಜೆಗಳೆಲ್ಲರಿಗೂ, ಸ್ತ್ರೀ ಪುರುಷ ಎಂಬ ಭೇದವಿಲ್ಲದೆ, ಮತದಾನದ ಹಕ್ಕು ಇಂದು ಸಂವಿಧಾನದತ್ತವಾಗಿ ದೊರೆತಿದೆ. ಆದರೆ ಈ ಹಕ್ಕು ಮಹಿಳೆಯರಿಗೆ ತಾನಾಗಿಯೇ ಬಂದುದಲ್ಲ. ಮನೆಯಲ್ಲಿ, ಆಸ್ತಿಯಲ್ಲಿ, ವಿವಾಹದಲ್ಲಿ ಹಾಗೂ ವಿದ್ಯೆಯಲ್ಲಿ ತಾರತಮ್ಯವನ್ನು ಅನುಭವಿಸಿದ ಅನೇಕ ಮಹಿಳೆಯರು, ತಮ್ಮ ಸ್ವಂತ ಅನುಭವವನ್ನೇ ಸಾರ್ವಜನಿಕ ಪ್ರಶ್ನೆಯನ್ನಾಗಿ ಪರಿವರ್ತಿಸಿದ್ದರಿಂದ ಅದು ಲಭಿಸಿತು. ಇಂತಹವರಲ್ಲಿ ಅಗ್ರಗಣ್ಯರು ಕರ್ನಾಟಕದ ಕರಾವಳಿಯ ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು.

ಶ್ರೀಮತಿ ಕಮಲಾದೇವಿಯವರ ಹೆಸರು ಕರಕುಶಲ ಕಲೆ, ಕೈಮಗ್ಗ ಮತ್ತು ರಂಗಭೂಮಿಗೆ ಸಂಬಂಧಿಸಿದಂತೆ ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಚುನಾವಣೆಯಲ್ಲಿ ಸ್ಪರ್ಧಿಸಿದ ಮಹಿಳೆಯರಲ್ಲಿ ಅವರೇ ಮೊದಲಿಗರೆಂದು ಪರಿಗಣಿಸಲಾಗಿದೆ ಎಂಬ ಸಂಗತಿಯು ಅವರ ತವರು ನಾಡಿನಲ್ಲಿಯೇ ಅನೇಕರಿಗೆ ತಿಳಿದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಅಥವಾ ತಿದ್ದುಪಡಿ ಮಾಡಿಸಲು ಅರ್ಜಿ ಸಲ್ಲಿಸುವ ಸಾರ್ವಜನಿಕರ, ವಿಶೇಷವಾಗಿ ಮಹಿಳೆಯರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಶ್ರೀಮತಿ ಕಮಲಾದೇವಿಯವರು 1903ನೇ ಇಸವಿ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ಅಂದು ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರಿ ಸೇವೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ತಾಯಿ ಗಿರಿಜಾಬಾಯಿಯವರು ಆ ಕಾಲದ ಹೆಣ್ಣುಮಕ್ಕಳಿಗೆ ಅಪರೂಪವಾಗಿದ್ದ ವಿದ್ಯೆಯನ್ನು ಪಡೆದವರು, ಓದುವ ಹವ್ಯಾಸವುಳ್ಳವರು ಹಾಗೂ ಸ್ವತಂತ್ರ ಮನೋಭಾವದವರು. ಅಜ್ಜಿಯವರು ಪುರಾಣ ಮತ್ತು ಇತಿಹಾಸಗಳಲ್ಲಿ ಪರಿಣತರಾಗಿದ್ದರು. ಕಮಲಾದೇವಿಯವರು ಹೆಣ್ಣುಮಕ್ಕಳಲ್ಲಿ ಕಿರಿಯವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಪರಿಚಯವು ಈ ಕುಟುಂಬಕ್ಕೆ ಇದ್ದುದರಿಂದ, ಸಮಾಜ ಸುಧಾರಣೆಯ ವಿಚಾರಗಳು ಬಾಲ್ಯದಲ್ಲಿಯೇ ಅವರ ಕಿವಿಗೆ ಬೀಳುತ್ತಿದ್ದವು.

ಅಕ್ಕ ಸಗುಣಾ ಅವರನ್ನು ಕಮಲಾದೇವಿಯವರು ಆದರ್ಶವೆಂದು ಭಾವಿಸಿದ್ದರು. ಎಳೆಯ ವಯಸ್ಸಿನಲ್ಲಿ ವಿವಾಹವಾದ ಈ ಅಕ್ಕ, ವಿವಾಹವಾದ ಸ್ವಲ್ಪ ಕಾಲದಲ್ಲಿಯೇ ನಿಧನರಾದರು. ಬಾಲ್ಯದಲ್ಲಿ ಕಂಡ ಮೊದಲ ದೊಡ್ಡ ದುಃಖ ಇದಾಗಿತ್ತು.

ಆಸ್ತಿಯ ಪ್ರಶ್ನೆ

ಕಮಲಾದೇವಿಯವರಿಗೆ ಏಳು ವರ್ಷವಾದಾಗ ತಂದೆಯವರು ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದು ಜಾರಿಯಲ್ಲಿದ್ದ ಹಿಂದೂ ಉತ್ತರಾಧಿಕಾರದ ನಿಯಮಗಳ ಪ್ರಕಾರ ಕುಟುಂಬದ ಸಂಪೂರ್ಣ ಆಸ್ತಿಯು ತಂದೆಯವರ ಮೊದಲ ವಿವಾಹದ ಮಗನಿಗೆ ಸೇರಿತು. ಪತ್ನಿಗಾಗಲಿ ಹೆಣ್ಣುಮಕ್ಕಳಿಗಾಗಲಿ ಆಸ್ತಿಯಲ್ಲಿ ಪಾಲು ದೊರೆಯಲಿಲ್ಲ. ಅವರಿಗೆ ದೊರೆಯಬೇಕಾಗಿದ್ದುದು ಜೀವನಾಂಶದ ಮೊತ್ತ ಮಾತ್ರ.

ಗಿರಿಜಾಬಾಯಿಯವರು ಈ ಜೀವನಾಂಶವನ್ನು ಸ್ವೀಕರಿಸಲು ನಿರಾಕರಿಸಿದರು. ತವರಿನಿಂದ ತಮ್ಮ ಪಾಲಿಗೆ ಬಂದಿದ್ದ ಆಸ್ತಿಯ ಆದಾಯದಲ್ಲಿಯೇ ಮಕ್ಕಳನ್ನು ಬೆಳೆಸುವುದಾಗಿ ನಿರ್ಧರಿಸಿದರು. ನಿನ್ನೆಯವರೆಗೆ ಮನೆಯ ಯಜಮಾನಿಯಾಗಿದ್ದವರು ಒಂದೇ ದಿನದಲ್ಲಿ ಅದೇ ಮನೆಯಲ್ಲಿ ಹಕ್ಕಿಲ್ಲದವರಾದ ಈ ಸಂದರ್ಭವನ್ನು ಬಾಲಕಿ ಕಮಲಾದೇವಿಯವರು ಕಣ್ಣಾರೆ ಕಂಡರು. ಇದು ಯಾರೊಬ್ಬರ ದುರುದ್ದೇಶದಿಂದ ಆದುದಲ್ಲ, ಕಾನೂನೇ ಹಾಗಿತ್ತು ಎಂಬುದು ಅವರಿಗೆ ಮುಂದೆ ಮನದಟ್ಟಾಯಿತು. ವ್ಯಕ್ತಿಯಿಂದ ಆದ ಅನ್ಯಾಯವನ್ನು ಮನೆಯೊಳಗೇ ಸರಿಪಡಿಸಿಕೊಳ್ಳಬಹುದು. ಕಾನೂನಿನಿಂದ ಆದ ಅನ್ಯಾಯವನ್ನು ಸರಿಪಡಿಸಲು ಕಾನೂನನ್ನು ಮಾಡುವ ಸಭೆಗೇ ಹೋಗಬೇಕಾಗುತ್ತದೆ. ಅವರ ಮುಂದಿನ ಸಾರ್ವಜನಿಕ ಜೀವನದ ಬೇರು ಈ ಘಟನೆಯಲ್ಲಿದೆ.

ಬಾಲವೈಧವ್ಯ, ವಿದ್ಯಾಭ್ಯಾಸ ಮತ್ತು ಮರುವಿವಾಹ

1917ರಲ್ಲಿ, ಹದಿನಾಲ್ಕು ವರ್ಷದವರಾಗಿದ್ದಾಗ ಕಮಲಾದೇವಿಯವರ ವಿವಾಹವು ನೆರವೇರಿತು. ಎರಡು ವರ್ಷಗಳೊಳಗೆ ಪತಿ ಕೃಷ್ಣರಾವ್ ಅವರು ನಿಧನರಾದರು. ಅಂದಿನ ಮೇಲ್ಜಾತಿಯ ಕುಟುಂಬಗಳಲ್ಲಿ ಬಾಲವಿಧವೆಯರು ಅನುಭವಿಸಬೇಕಾಗಿದ್ದ ನಿರ್ಬಂಧಗಳು ಕಠೋರವಾಗಿದ್ದವು. ಶುಭ ಕಾರ್ಯಗಳಿಂದ ದೂರವಿರುವುದು, ವಿದ್ಯೆಯನ್ನು ನಿಲ್ಲಿಸುವುದು ಮತ್ತು ಜೀವನಪರ್ಯಂತ ಮನೆಯ ಮೂಲೆಯಲ್ಲಿ ಕಳೆಯುವುದು ಅವರ ಪಾಲಿಗೆ ಬರುತ್ತಿತ್ತು. ತಾಯಿ ಗಿರಿಜಾಬಾಯಿಯವರು ಮಗಳನ್ನು ಈ ಕಟ್ಟುಪಾಡಿಗೆ ಒಪ್ಪಿಸದೆ ವಿದ್ಯಾಭ್ಯಾಸವನ್ನು ಮುಂದುವರಿಸಲು ಉತ್ತೇಜನ ನೀಡಿದರು.

ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುತ್ತಿದ್ದ ಸಮಯದಲ್ಲಿ ಶ್ರೀಮತಿ ಸರೋಜಿನಿ ನಾಯ್ಡು ಅವರ ಸಹೋದರಿ ಸುಹಾಸಿನಿಯವರ ಮೂಲಕ ಅವರ ಸಹೋದರ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯ ಅವರ ಪರಿಚಯವಾಯಿತು. ಇಪ್ಪತ್ತನೆಯ ವಯಸ್ಸಿನಲ್ಲಿ ಕಮಲಾದೇವಿಯವರು ಅವರನ್ನು ವಿವಾಹವಾದರು. ವಿಧವೆಯ ಮರುವಿವಾಹ, ಅದೂ ಭಾಷೆ ಮತ್ತು ಪ್ರಾಂತ್ಯಗಳನ್ನು ಮೀರಿದ ವಿವಾಹವು ಸಂಪ್ರದಾಯಸ್ಥರ ತೀವ್ರ ವಿರೋಧಕ್ಕೆ ಗುರಿಯಾಯಿತು. ಈ ದಂಪತಿಗಳಿಗೆ ರಾಮಕೃಷ್ಣ ಎಂಬ ಪುತ್ರ ಜನಿಸಿದರು. ನಂತರ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಲಂಡನ್ ವಿಶ್ವವಿದ್ಯಾಲಯದ ಬೆಡ್‌ಫೋರ್ಡ್ ಕಾಲೇಜಿನಲ್ಲಿ ಕಮಲಾದೇವಿಯವರು ಸಮಾಜಶಾಸ್ತ್ರವನ್ನು ಅಭ್ಯಸಿಸಿದರು. ಗಾಂಧೀಜಿಯವರ ಅಸಹಕಾರ ಚಳುವಳಿಯ ವಿಷಯ ತಿಳಿದು ಅವರು ಭಾರತಕ್ಕೆ ಹಿಂದಿರುಗಿದರು ಮತ್ತು ಸೇವಾದಳದಲ್ಲಿ ಸೇರಿ ಮಹಿಳಾ ಸ್ವಯಂಸೇವಕಿಯರಿಗೆ ತರಬೇತಿ ನೀಡುವ ಕಾರ್ಯದಲ್ಲಿ ತೊಡಗಿದರು.

ಮಹಿಳೆಯರಿಗೆ ಮತದ ಹಕ್ಕು: ಹಿನ್ನೆಲೆ

1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವು ಸ್ಥಾಪನೆಯಾಯಿತು. ಐರ್ಲೆಂಡ್ ಮೂಲದ ಶ್ರೀಮತಿ ಮಾರ್ಗರೇಟ್ ಕಸಿನ್ಸ್, ಶ್ರೀಮತಿ ಆನಿ ಬೆಸೆಂಟ್ ಮೊದಲಾದವರು ಇದರ ಸ್ಥಾಪಕರು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಭಾರತ ಮಂತ್ರಿ ಎಡ್ವಿನ್ ಮಾಂಟೆಗು ಅವರು ಮದ್ರಾಸಿಗೆ ಬಂದಾಗ, ಶ್ರೀಮತಿ ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಅವರನ್ನು ಭೇಟಿ ಮಾಡಿ, ಪುರುಷರಿಗೆ ನೀಡುವ ಷರತ್ತುಗಳ ಮೇಲೆಯೇ ಮಹಿಳೆಯರಿಗೂ ಮತದ ಹಕ್ಕನ್ನು ನೀಡಬೇಕೆಂದು ಮನವಿ ಸಲ್ಲಿಸಿತು.

ಈ ವಿಷಯವನ್ನು ಪರಿಶೀಲಿಸಿದ ಸೌತ್‌ಬರೋ ಸಮಿತಿಯು ಮಹಿಳೆಯರಿಗೆ ಮತದ ಹಕ್ಕನ್ನು ಶಿಫಾರಸು ಮಾಡಲಿಲ್ಲ. 1919ರ ಭಾರತ ಸರ್ಕಾರದ ಕಾಯ್ದೆಯು ಈ ಪ್ರಶ್ನೆಯನ್ನು ಆಯಾ ಪ್ರಾಂತ್ಯಗಳ ಶಾಸನಸಭೆಗಳ ನಿರ್ಧಾರಕ್ಕೆ ಬಿಟ್ಟಿತು. ಬ್ರಿಟಿಷ್ ಭಾರತದ ಪ್ರಾಂತ್ಯಗಳಲ್ಲಿ ಮದ್ರಾಸ್ ಪ್ರಾಂತ್ಯವು ಮೊದಲಿಗೆ, 1921ರಲ್ಲಿ, ಮಹಿಳೆಯರ ಅನರ್ಹತೆಯನ್ನು ತೆಗೆದುಹಾಕುವ ನಿರ್ಣಯವನ್ನು ಅಂಗೀಕರಿಸಿತು. ಅದೇ ವರ್ಷ ಮುಂಬಯಿ ಪ್ರಾಂತ್ಯವೂ, ನಂತರದ ವರ್ಷಗಳಲ್ಲಿ ಉಳಿದ ಪ್ರಾಂತ್ಯಗಳೂ ಇದನ್ನು ಅನುಸರಿಸಿದವು.

ಆದರೆ ಇಲ್ಲೊಂದು ದೊಡ್ಡ ತೊಡಕಿತ್ತು. ಅಂದು ಮತದ ಹಕ್ಕು ದೊರೆಯುತ್ತಿದ್ದುದು ಆಸ್ತಿ, ತೆರಿಗೆ ಅಥವಾ ಆದಾಯದ ಅರ್ಹತೆಯ ಮೇಲೆ. ಭೂಕಂದಾಯ ಅಥವಾ ಪುರಸಭೆಯ ತೆರಿಗೆಯನ್ನು ನಿಗದಿತ ಪ್ರಮಾಣದಲ್ಲಿ ಪಾವತಿಸುವವರು ಮಾತ್ರ ಮತದಾರರಾಗಬಹುದಿತ್ತು. ಪಹಣಿಯಲ್ಲಿ, ತೆರಿಗೆಯ ಪುಸ್ತಕದಲ್ಲಿ ಮಹಿಳೆಯ ಹೆಸರು ಇದ್ದರೆ ತಾನೇ ಮತದಾರರ ಪಟ್ಟಿಗೆ ಬರುವುದು? ಉತ್ತರಾಧಿಕಾರದ ನಿಯಮವು ಮಹಿಳೆಗೆ ಆಸ್ತಿಯನ್ನು ನೀಡುತ್ತಿರಲಿಲ್ಲ. ಆಸ್ತಿಯಿಲ್ಲದ ಕಾರಣ ಮತವಿಲ್ಲ, ಮತವಿಲ್ಲದ ಕಾರಣ ನಿಯಮವನ್ನು ಬದಲಿಸುವ ದಾರಿಯಿಲ್ಲ. ಯಾರಿಗೆ ಅನ್ಯಾಯವು ಹೆಚ್ಚಾಗಿ ಆಗಿತ್ತೋ ಅವರೇ ಪಟ್ಟಿಯಿಂದ ಹೊರಗುಳಿದಿದ್ದರು. ಪತಿಯ ಮನೆಯ ಆಸ್ತಿಯನ್ನು ಕಳೆದುಕೊಂಡ ಗಿರಿಜಾಬಾಯಿಯವರಂತಹ ಮಹಿಳೆಯರ ಉದಾಹರಣೆಯಿಂದ ಈ ಅಂಶವು ಸ್ಪಷ್ಟವಾಗುತ್ತದೆ.

1926ರ ಚುನಾವಣೆ

ಮತ ನೀಡುವ ಹಕ್ಕು ದೊರೆತ ನಂತರವೂ ಶಾಸನಸಭೆಗೆ ಸದಸ್ಯರಾಗುವ ಹಕ್ಕು ಮಹಿಳೆಯರಿಗೆ ಇರಲಿಲ್ಲ. 1926ರಲ್ಲಿ ಈ ನಿರ್ಬಂಧವೂ ಸಡಿಲಗೊಂಡಿತು. ಆಗ ಶ್ರೀಮತಿ ಮಾರ್ಗರೇಟ್ ಕಸಿನ್ಸ್ ಅವರ ಪ್ರೇರಣೆಯಿಂದ ಕಮಲಾದೇವಿಯವರು ಮದ್ರಾಸ್ ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ತಮ್ಮ ತವರು ಪ್ರದೇಶದಿಂದ ಸ್ಪರ್ಧಿಸಲು ಮುಂದಾದರು. ಆಗ ಅವರ ವಯಸ್ಸು ಇಪ್ಪತ್ತಮೂರು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಹೆಣ್ಣುಮಗಳೊಬ್ಬಳು ಮತ ಯಾಚಿಸುವುದನ್ನು ಜಿಲ್ಲೆಯ ಜನರು ಅದುವರೆಗೆ ಕಂಡಿರಲಿಲ್ಲ. ಅಭ್ಯರ್ಥಿಯು ಬಾಲವಿಧವೆಯಾಗಿದ್ದು ಮರುವಿವಾಹವಾದವರು ಎಂಬುದೂ ಊರಿನವರಿಗೆ ತಿಳಿದ ವಿಷಯವೇ ಆಗಿತ್ತು.

ಇಷ್ಟೆಲ್ಲ ಅನಾನುಕೂಲಗಳ ನಡುವೆಯೂ ಕಮಲಾದೇವಿಯವರು ಅತ್ಯಲ್ಪ ಮತಗಳ ಅಂತರದಿಂದ ಮಾತ್ರ ಪರಾಭವಗೊಂಡರು. ಮತದಾರರ ಪಟ್ಟಿಯಲ್ಲಿ ಪುರುಷರೇ ಬಹುಸಂಖ್ಯಾತರಾಗಿದ್ದುದನ್ನು ಗಮನಿಸಿದರೆ ಇದು ಸಾಮಾನ್ಯ ಸಂಗತಿಯಲ್ಲ. ಮಹಿಳೆ ಸ್ಪರ್ಧಿಸಿದರೆ ಯಾರೂ ಮತ ನೀಡುವುದಿಲ್ಲ ಎಂಬ ನಂಬಿಕೆಯನ್ನು ಈ ಸೋಲು ಸುಳ್ಳಾಗಿಸಿತು. ಈ ಚುನಾವಣೆಯ ನಂತರ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ಮದ್ರಾಸ್ ಶಾಸನಸಭೆಗೆ ನಾಮನಿರ್ದೇಶನಗೊಂಡರು ಹಾಗೂ ಅದರ ಉಪಾಧ್ಯಕ್ಷೆಯಾಗಿ ಆಯ್ಕೆಯಾದರು. ದೇವದಾಸಿ ಪದ್ಧತಿಯ ನಿರ್ಮೂಲನೆಯ ಪ್ರಶ್ನೆಯನ್ನು ಅವರು ಸಭೆಯ ಮುಂದೆ ತಂದರು. ಪುರುಷ ಸದಸ್ಯರು ಅದುವರೆಗೆ ಮುಖ್ಯವೆಂದು ಪರಿಗಣಿಸದ ವಿಷಯಗಳು, ಮಹಿಳೆಯರು ಸಭೆಯನ್ನು ಪ್ರವೇಶಿಸಿದೊಡನೆ ಚರ್ಚೆಗೆ ಬಂದವು.

ಅಖಿಲ ಭಾರತ ಮಹಿಳಾ ಸಮ್ಮೇಳನ

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನವು ನಡೆಯಿತು. ಕಮಲಾದೇವಿಯವರು ಅದರ ಪ್ರಥಮ ಸಂಘಟನಾ ಕಾರ್ಯದರ್ಶಿಯಾಗಿ ಕಾರ್ಯ ನಿರ್ವಹಿಸಿದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಚರ್ಚಿಸಲು ಸೇರಿದ ಈ ಸಮ್ಮೇಳನಕ್ಕೆ, ಬಾಲ್ಯವಿವಾಹವನ್ನು ತಡೆಯದೆ ವಿದ್ಯಾಭ್ಯಾಸವು ಸಾಧ್ಯವಿಲ್ಲ ಎಂಬುದು ಬೇಗನೆ ಅರಿವಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಗಂಡನ ಮನೆಗೆ ಹೋದ ಬಾಲಕಿಗೆ ಶಾಲೆಯಿದ್ದೂ ಪ್ರಯೋಜನವಿಲ್ಲ. ಸಮ್ಮೇಳನವು ಬಾಲ್ಯವಿವಾಹ ನಿರ್ಬಂಧ ಮಸೂದೆಯ ಪರವಾಗಿ ದೇಶದಾದ್ಯಂತ ಬೆಂಬಲ ಸಂಗ್ರಹಿಸಿತು. ಶಾರದಾ ಕಾಯ್ದೆಯೆಂದು ಪ್ರಸಿದ್ಧವಾದ ಈ ಕಾನೂನು 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹುಡುಗಿಯರಿಗೆ 14 ವರ್ಷ ಹಾಗೂ ಹುಡುಗರಿಗೆ 18 ವರ್ಷ ಕನಿಷ್ಠ ವಿವಾಹ ವಯಸ್ಸೆಂದು ಅದು ನಿಗದಿಪಡಿಸಿತು. ತಾವು ವಿವಾಹವಾಗಿದ್ದ ಅದೇ ಹದಿನಾಲ್ಕನೆಯ ವಯಸ್ಸನ್ನು ಕಾನೂನು ಕನಿಷ್ಠ ಮಿತಿಯೆಂದು ಇರಿಸಿದ ಸಂದರ್ಭದಲ್ಲಿ ಕಮಲಾದೇವಿಯವರಿಗೆ ಇಪ್ಪತ್ತಾರು ವರ್ಷ.

ಸಮ್ಮೇಳನದ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಸ್ಥಾಪನೆಯಾಯಿತು. ಮುಂದೆ 1944ರಲ್ಲಿ ಕಮಲಾದೇವಿಯವರು ಸಮ್ಮೇಳನದ ಅಧ್ಯಕ್ಷೆಯಾದರು.

ಉಪ್ಪಿನ ಸತ್ಯಾಗ್ರಹ ಮತ್ತು ಸೆರೆವಾಸ

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರೊಡನೆ ಹೊರಟ ಸತ್ಯಾಗ್ರಹಿಗಳಲ್ಲಿ ಮಹಿಳೆಯರಿರಲಿಲ್ಲ. ಖಾದಿ ಪ್ರಚಾರ ಹಾಗೂ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ಮಹಿಳೆಯರಿಗೆ ಸೂಕ್ತವೆಂದು ಆಗ ಭಾವಿಸಲಾಗಿತ್ತು. ಕಮಲಾದೇವಿಯವರು ಗಾಂಧೀಜಿಯವರನ್ನು ಭೇಟಿ ಮಾಡಿ, ಸ್ವಾತಂತ್ರ್ಯದ ಹೋರಾಟದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಥಾನವನ್ನು ನಿಗದಿಪಡಿಸುವುದು ಸರಿಯಲ್ಲವೆಂದು ಮನವರಿಕೆ ಮಾಡಿದರು. ಇದರ ಫಲವಾಗಿ ಮಹಿಳೆಯರು ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಲು ಸಮ್ಮತಿ ದೊರೆಯಿತು. ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸುವ ಮೊದಲ ತಂಡದಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯ ಷೇರು ಮಾರುಕಟ್ಟೆಯಲ್ಲಿ ಮಾರಾಟ ಮಾಡಿದುದಕ್ಕಾಗಿ ಅವರನ್ನು ಬಂಧಿಸಲಾಯಿತು. ಮುಂದಿನ ವರ್ಷಗಳಲ್ಲಿಯೂ ಅವರು ಹಲವು ಬಾರಿ ಸೆರೆವಾಸವನ್ನು ಅನುಭವಿಸಿದರು.

1931ರಲ್ಲಿ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯವು, ಲಿಂಗಭೇದವಿಲ್ಲದ ಸಮಾನತೆಯನ್ನು ಹಾಗೂ ವಯಸ್ಕ ಮತಾಧಿಕಾರವನ್ನು ಒಳಗೊಂಡಿತು. ಸತ್ಯಾಗ್ರಹದಲ್ಲಿ ಸಾವಿರಾರು ಮಹಿಳೆಯರು ಸೆರೆಮನೆಗೆ ಹೋಗಿದ್ದ ನಂತರ, ಮಹಿಳೆಯರು ಮತಕ್ಕೆ ಅರ್ಹರೇ ಎಂಬ ಪ್ರಶ್ನೆಯನ್ನು ಕೇಳುವುದು ಯಾರಿಗೂ ಸುಲಭವಾಗಿರಲಿಲ್ಲ.

ಮೀಸಲು ಸ್ಥಾನ ಅಥವಾ ವಯಸ್ಕ ಮತಾಧಿಕಾರ

1930ರ ದಶಕದ ಆರಂಭದಲ್ಲಿ ಹೊಸ ಸಂವಿಧಾನದ ಚರ್ಚೆಯು ನಡೆದಾಗ, ಮತದಾರರಾದ ಪುರುಷರ ಪತ್ನಿಯರಿಗೆ ಮತ ನೀಡಬಹುದು ಹಾಗೂ ಮಹಿಳೆಯರಿಗೆ ಕೆಲವು ಸ್ಥಾನಗಳನ್ನು ಮೀಸಲಿಡಬಹುದು ಎಂಬ ಸಲಹೆಗಳು ಬಂದವು. ಪ್ರಮುಖ ಮಹಿಳಾ ಸಂಘಟನೆಗಳು ಇದನ್ನು ವಿರೋಧಿಸಿ, ಯಾವುದೇ ವಿಶೇಷ ರಿಯಾಯಿತಿಯಿಲ್ಲದ ವಯಸ್ಕ ಮತಾಧಿಕಾರವನ್ನು ಕೇಳಿದವು. ಪತಿಯ ಆಸ್ತಿಯ ಕಾರಣದಿಂದ ದೊರೆಯುವ ಮತವು ಪತಿಯ ಮರಣದೊಡನೆ ಏನಾಗುತ್ತದೆ, ಅವಿವಾಹಿತೆಯ ಗತಿಯೇನು ಎಂಬ ಪ್ರಶ್ನೆಗಳು ಇಲ್ಲಿದ್ದವು. ಆದರೆ ಎಲ್ಲ ಮಹಿಳೆಯರ ಅಭಿಪ್ರಾಯವೂ ಒಂದೇ ಆಗಿರಲಿಲ್ಲ. ದೊರೆತಷ್ಟನ್ನು ಮೊದಲು ಪಡೆದು ನಂತರ ಉಳಿದುದಕ್ಕಾಗಿ ಹೋರಾಡಬೇಕೆಂಬ ವಾದವೂ ಬಲವಾಗಿತ್ತು.

1935ರ ಭಾರತ ಸರ್ಕಾರದ ಕಾಯ್ದೆಯು ಪತ್ನಿತ್ವ ಮತ್ತು ಸಾಕ್ಷರತೆಯ ಆಧಾರದ ಮೇಲೆ ಮತಾಧಿಕಾರವನ್ನು ವಿಸ್ತರಿಸಿತು. ಇದರಿಂದ ಸುಮಾರು 60 ಲಕ್ಷ ಮಹಿಳೆಯರಿಗೆ ಮತ ದೊರೆಯಿತು. ಪುರುಷ ಮತದಾರರ ಸಂಖ್ಯೆ ಸುಮಾರು 2 ಕೋಟಿ 90 ಲಕ್ಷ. ಅಂದರೆ ಐವರು ಪುರುಷ ಮತದಾರರಿಗೆ ಒಬ್ಬ ಮಹಿಳೆ.

ಅನುಭವದಿಂದ ಮತದವರೆಗೆ

ಶ್ರೀಮತಿ ಕಮಲಾದೇವಿಯವರ ಜೀವನವನ್ನು ಗಮನಿಸಿದಾಗ, ತಾರತಮ್ಯದ ಅನುಭವವು ರಾಜಕೀಯ ಆಯ್ಕೆಯಾಗಿ ಮಾರ್ಪಡುವ ಕ್ರಮವು ಸ್ಪಷ್ಟವಾಗಿ ಕಾಣುತ್ತದೆ. ತಾಯಿಯ ಆಸ್ತಿ ನಷ್ಟದಿಂದ ಉತ್ತರಾಧಿಕಾರದ ಕಾನೂನಿನ ಪ್ರಶ್ನೆ, ಅಕ್ಕನ ಮರಣ ಹಾಗೂ ಸ್ವಂತ ಬಾಲ್ಯವಿವಾಹದಿಂದ ವಿವಾಹ ವಯಸ್ಸಿನ ಪ್ರಶ್ನೆ, ವೈಧವ್ಯದಿಂದ ವಿದ್ಯೆ ಮತ್ತು ಸ್ವಾವಲಂಬನೆಯ ಪ್ರಶ್ನೆ ಮೂಡಿದವು. ಈ ಮೂರೂ ಪ್ರಶ್ನೆಗಳಿಗೆ ಉತ್ತರವು ಶಾಸನಸಭೆಯಲ್ಲಿತ್ತು.

ಆದರೆ ಅನುಭವವು ತಾನಾಗಿಯೇ ಮತವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಂದಿನ ಲಕ್ಷಾಂತರ ಮಹಿಳೆಯರು ಇಂತಹುದೇ ಕಷ್ಟವನ್ನು ಅನುಭವಿಸಿದ್ದರೂ ಅದನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದರು. ಇದು ಹಣೆಬರಹವಲ್ಲ, ಬದಲಾಯಿಸಬಹುದಾದ ನಿಯಮ ಎಂಬ ತಿಳುವಳಿಕೆ ಬಂದಾಗ ಮಾತ್ರ ಮಹಿಳೆಯು ಅಭ್ಯರ್ಥಿಯಲ್ಲಿ ಆ ಬಗ್ಗೆ ಕೇಳುತ್ತಾಳೆ. ಈ ತಿಳುವಳಿಕೆಯನ್ನು ಮೂಡಿಸುವುದೇ ಮಹಿಳಾ ಸಂಘಗಳ ಮುಖ್ಯ ಕಾರ್ಯವಾಗಿತ್ತು. ಮಹಿಳೆಯರೆಲ್ಲರೂ ಒಂದೇ ಪಕ್ಷಕ್ಕೆ ಅಥವಾ ಮಹಿಳಾ ಅಭ್ಯರ್ಥಿಗೇ ಮತ ನೀಡಬೇಕೆಂಬುದು ಇದರ ಅರ್ಥವಲ್ಲ. ತನ್ನ ಮತವನ್ನು ಮನೆಯ ಇತರರ ಅಪ್ಪಣೆಯಿಂದಲ್ಲದೆ ತನ್ನ ಬಾಳಿನ ಅನುಭವದಿಂದ ನಿರ್ಧರಿಸುವ ಸ್ವಾತಂತ್ರ್ಯವು ಪ್ರತಿಯೊಬ್ಬ ಮಹಿಳೆಗೂ ಇರಬೇಕು ಎಂಬುದು ಇದರ ತಾತ್ಪರ್ಯ.

ಹೆಸರಿಲ್ಲದ 28 ಲಕ್ಷ ಮಹಿಳೆಯರು

1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು 326ನೇ ಅನುಚ್ಛೇದದ ಮೂಲಕ ವಯಸ್ಕ ಮತಾಧಿಕಾರವನ್ನು ನೀಡಿತು. ಮಹಿಳಾ ಸಂಘಟನೆಗಳು ಎರಡು ದಶಕಗಳ ಹಿಂದೆ ಕೇಳಿದ್ದುದು ಹೀಗೆ ಸಾಕಾರವಾಯಿತು. ಆದರೆ 1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿಯನ್ನು ತಯಾರಿಸುವಾಗ ಅನಿರೀಕ್ಷಿತ ಸಮಸ್ಯೆಯೊಂದು ಎದುರಾಯಿತು. ಅನೇಕ ಮಹಿಳೆಯರು ಪರಪುರುಷರಿಗೆ ತಮ್ಮ ಹೆಸರನ್ನು ಹೇಳಲು ಸಂಪ್ರದಾಯದ ಕಾರಣ ಹಿಂಜರಿದರು. ಇಂತಹವರ ಪತ್ನಿ, ಇಂತಹವರ ಮಗಳು ಎಂದಷ್ಟೇ ಬರೆಸಿದರು. ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದ ಶ್ರೀ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದೆ ಯಾರನ್ನೂ ಮತದಾರರೆಂದು ನೋಂದಾಯಿಸಬಾರದೆಂದು ಸೂಚಿಸಿದರು. ಹೆಸರನ್ನು ಸರಿಪಡಿಸಲು ಅವಕಾಶ ನೀಡಿದ ನಂತರವೂ, ಮುಖ್ಯವಾಗಿ ಉತ್ತರ ಭಾರತದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಕಾನೂನು ಮತವನ್ನು ನೀಡಿದ್ದರೂ, ರೂಢಿಯು ಅದನ್ನು ಕಿತ್ತುಕೊಂಡಿತ್ತು. ಮುಂದಿನ ಚುನಾವಣೆಗಳಲ್ಲಿ ಈ ಸ್ಥಿತಿಯು ಬಹುಮಟ್ಟಿಗೆ ಸುಧಾರಿಸಿತು.

ಸ್ವಾತಂತ್ರ್ಯಾನಂತರದ ಸೇವೆ

1934ರಲ್ಲಿ ಸ್ಥಾಪನೆಯಾದ ಕಾಂಗ್ರೆಸ್ ಸಮಾಜವಾದಿ ಪಕ್ಷದಲ್ಲಿ ಕಮಲಾದೇವಿಯವರು ಪ್ರಮುಖ ನಾಯಕಿಯಾಗಿದ್ದರು. ಎರಡನೆಯ ಮಹಾಯುದ್ಧದ ಆರಂಭದ ಕಾಲದಲ್ಲಿ ಅವರು ಅಮೆರಿಕ, ಚೀನಾ, ಜಪಾನ್ ಮೊದಲಾದ ದೇಶಗಳಲ್ಲಿ ಪ್ರವಾಸ ಮಾಡಿದರು. ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಸ್ಥಳದಿಂದ ಎದ್ದು ಹೋಗಲು ಅವರು ನಿರಾಕರಿಸಿದ ಘಟನೆಯು ದಾಖಲಾಗಿದೆ. ಪತಿ ಹರೀಂದ್ರನಾಥ ಅವರಿಂದ ಅವರು ಈ ಮೊದಲೇ ಕಾನೂನುಬದ್ಧವಾಗಿ ಬೇರ್ಪಟ್ಟಿದ್ದರು.

ದೇಶ ವಿಭಜನೆಯ ನಂತರ ನಿರಾಶ್ರಿತರ ಪುನರ್ವಸತಿಗಾಗಿ ಅವರು ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸಹಸ್ರಾರು ನಿರಾಶ್ರಿತರು ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ನೆಲೆ ಕಂಡುಕೊಳ್ಳುವಲ್ಲಿ ಈ ಸಂಸ್ಥೆಯು ನೆರವಾಯಿತು. ದಾನದ ಬದಲು ದುಡಿಮೆ, ಅನುಕಂಪದ ಬದಲು ಪಾಲುದಾರಿಕೆ ಎಂಬುದು ಅವರ ಕಾರ್ಯವಿಧಾನವಾಗಿತ್ತು. ಜೀವನಾಂಶವನ್ನು ನಿರಾಕರಿಸಿ ಸ್ವಂತ ಆದಾಯದಲ್ಲಿ ಬಾಳಿದ ತಾಯಿಯ ನಡೆಯನ್ನು ಇದು ನೆನಪಿಗೆ ತರುತ್ತದೆ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದ ಅವರು ಹಲವಾರು ವರ್ಷಗಳ ಕಾಲ ದೇಶದ ಮೂಲೆ ಮೂಲೆಗಳಲ್ಲಿ ಸಂಚರಿಸಿ, ನಶಿಸುತ್ತಿದ್ದ ಕಲೆಗಳಿಗೆ ಮಾರುಕಟ್ಟೆಯನ್ನು ಒದಗಿಸಿದರು. ಈ ಕಸುಬುಗಳಲ್ಲಿ ಮನೆಯಲ್ಲಿಯೇ ಕುಳಿತು ದುಡಿಯುವ ಮಹಿಳೆಯರು ಬಹುಸಂಖ್ಯೆಯಲ್ಲಿದ್ದರು. ರಂಗಭೂಮಿಯ ಬೆಳವಣಿಗೆಯಲ್ಲಿಯೂ ಅವರ ಪಾತ್ರ ಹಿರಿದು. 1931ರ ಮೃಚ್ಛಕಟಿಕ ಮೂಕಿ ಚಿತ್ರದಲ್ಲಿ ಅವರು ಅಭಿನಯಿಸಿದ್ದರು. ಕುಲೀನ ಮನೆತನದ ಮಹಿಳೆಯರು ನಟಿಸುವುದು ಅವಮಾನವೆಂದು ಭಾವಿಸಿದ್ದ ಕಾಲವದು.

ಪದ್ಮಭೂಷಣ (1955), ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ (1966) ಹಾಗೂ ಪದ್ಮವಿಭೂಷಣ (1987) ಅವರಿಗೆ ಸಂದ ಗೌರವಗಳಲ್ಲಿ ಪ್ರಮುಖವಾದವು. ಅವರು 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ನಂತರದ ಕಾನೂನುಗಳು

ಗಿರಿಜಾಬಾಯಿಯವರಿಗೆ ನಿರಾಕರಿಸಲ್ಪಟ್ಟ ಹಕ್ಕು ಹಂತ ಹಂತವಾಗಿ ಕಾನೂನಿನಲ್ಲಿ ಸೇರಿತು. 1937ರ ಕಾಯ್ದೆಯು ಹಿಂದೂ ವಿಧವೆಗೆ ಪತಿಯ ಆಸ್ತಿಯಲ್ಲಿ ಸೀಮಿತ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು, ಉಯಿಲಿಲ್ಲದೆ ಮೃತನಾದ ವ್ಯಕ್ತಿಯ ಸ್ವಂತ ಆಸ್ತಿಯಲ್ಲಿ ಪತ್ನಿ ಹಾಗೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳೊಡನೆ ಸಮಾನ ಪಾಲು ನೀಡಿತು. ಕರ್ನಾಟಕ ರಾಜ್ಯವು 1994ರಲ್ಲಿ ತಿದ್ದುಪಡಿಯ ಮೂಲಕ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಹಕ್ಕನ್ನು ನೀಡಿತು. 2005ರಲ್ಲಿ ಕೇಂದ್ರ ಕಾಯ್ದೆಯ ತಿದ್ದುಪಡಿಯಿಂದ ಇದು ದೇಶಕ್ಕೆ ಅನ್ವಯಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಈ ಪ್ರತಿಯೊಂದು ಹಂತವೂ ಚುನಾಯಿತ ಸಭೆಯೊಂದರಲ್ಲಿ ಅಂಗೀಕಾರವಾದ ಕಾನೂನಿನಿಂದ ಆರಂಭವಾಯಿತು ಎಂಬುದು ಗಮನಾರ್ಹ.

ಸ್ಥಳೀಯ ಸಂಸ್ಥೆಗಳಲ್ಲಿ ಕರ್ನಾಟಕವು 1983ರ ಕಾಯ್ದೆಯ ಮೂಲಕವೇ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿರಿಸಿತ್ತು. ಸಂವಿಧಾನದ 73ನೇ ತಿದ್ದುಪಡಿಯು ದೇಶದಾದ್ಯಂತ ಪಂಚಾಯಿತಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಂತೆ ಮೀಸಲಾತಿಯನ್ನು ಕಡ್ಡಾಯಗೊಳಿಸಿತು. ಲೋಕಸಭೆ ಹಾಗೂ ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗದ ಮೀಸಲಾತಿಗಾಗಿ 2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿಯನ್ನು ಅಂಗೀಕರಿಸಲಾಯಿತು.

ಮಹಿಳಾ ಮತದಾರರ ಗಮನಕ್ಕೆ

1. ಅರ್ಹತಾ ದಿನಾಂಕದಂದು 18 ವರ್ಷ ಪೂರ್ಣಗೊಂಡ ಪ್ರತಿಯೊಬ್ಬ ಮಹಿಳೆಯೂ ತಾನು ಸಾಮಾನ್ಯವಾಗಿ ವಾಸಿಸುವ ಸ್ಥಳದ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಅರ್ಹಳು. ಆಸ್ತಿ, ವಿದ್ಯೆ ಅಥವಾ ವಿವಾಹದ ಷರತ್ತು ಇರುವುದಿಲ್ಲ.

2. ಹೊಸದಾಗಿ ಹೆಸರು ಸೇರಿಸಲು ನಮೂನೆ-6ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಿವಾಹದ ನಂತರ ವಿಳಾಸ ಬದಲಾದಲ್ಲಿ ಅಥವಾ ಹೆಸರಿನಲ್ಲಿ ತಪ್ಪಿದ್ದಲ್ಲಿ ನಮೂನೆ-8ನ್ನು ಬಳಸತಕ್ಕದ್ದು.

3. ಅರ್ಜಿಯಲ್ಲಿ ತಮ್ಮ ಸ್ವಂತ ಹೆಸರನ್ನು ಪೂರ್ಣವಾಗಿ, ಇತರ ದಾಖಲೆಗಳಲ್ಲಿರುವಂತೆ ಬರೆಯತಕ್ಕದ್ದು.

4. ಮತದಾನವು ಗೌಪ್ಯವಾಗಿರುತ್ತದೆ. ಯಾರಿಗೆ ಮತ ನೀಡಲಾಗಿದೆ ಎಂಬುದನ್ನು ಪತಿ, ತಂದೆ ಅಥವಾ ಇತರ ಯಾರಿಗೂ ತಿಳಿಸಬೇಕಾದ ಅಗತ್ಯವಿರುವುದಿಲ್ಲ. ಬೆದರಿಕೆ ಅಥವಾ ಆಮಿಷದಿಂದ ಮತವನ್ನು ಪ್ರಭಾವಿಸುವುದು ಕಾನೂನಿನ ಪ್ರಕಾರ ಅಪರಾಧವಾಗಿರುತ್ತದೆ.

ಸುಮಾರು ನೂರು ವರ್ಷಗಳ ಹಿಂದೆ ಮಂಗಳೂರಿನ ಯುವತಿಯೊಬ್ಬರು ಅತ್ಯಲ್ಪ ಮತಗಳ ಅಂತರದಿಂದ ಸೋತರು. ಆಸ್ತಿಯಿಲ್ಲವೆಂಬ ಕಾರಣಕ್ಕೆ ಅಂದು ಆ ಪ್ರದೇಶದ ಬಹುಪಾಲು ಮಹಿಳೆಯರ ಹೆಸರು ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಇಂದು ಆ ಅಡಚಣೆ ಇಲ್ಲ. ಅರ್ಹ ಮಹಿಳೆಯರೆಲ್ಲರೂ ತಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇರುವುದನ್ನು ಖಚಿತಪಡಿಸಿಕೊಂಡು, ತಮ್ಮ ವಿವೇಚನೆಯಂತೆ ಮತ ಚಲಾಯಿಸಬೇಕಾಗಿ ಕೋರಲಾಗಿದೆ.